ಮನೆ ಎಷ್ಟು ಸಲ ತೊಳೆದಿರಿ?

ಸಿಂಧನೂರು ಸೀಮೆಯ ಮುಕ್ಕುಂದ ಎಂಬ ಊರಿನ ಹೊಳೆ ಓಣಿಯಲ್ಲಿ ಇನ್ನೂ ಬೆಳಕು ಪೂರ್ತಿ ಹರಿದಿಲ್ಲ. ಹೊಳೆಯ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತಿದೆ. ಮಾರೆಮ್ಮ ಎಂಬಾಕೆಯ ಅಂಗಳದ ಕಲ್ಲಿನ ಮೇಲೆ ಹಿಂದಿನ ದಿನದ ಮುಸುರೆ ರಾಶಿ ಬಿದ್ದಿದೆ. ಕಲ್ಲಿನ ಈ ಕಡೆ ಮಾರೆಮ್ಮ, ಆ ಕಡೆ ರಮಜಾನಬಿ. ಇಬ್ಬರ ಕೈಯಲ್ಲೂ ತೆಂಗಿನ ನಾರು, ನಡುವೆ ಒಡೆದ ಗಡಿಗೆಯ ಚಿಪ್ಪಿನಲ್ಲಿ ಬೂದಿ. ರಮಜಾನಬಿ ಈ ಮನೆಗೆ ನೆಂಟರಲ್ಲ, ಕೂಲಿಯಾಳೂ ಅಲ್ಲ. ಈಗಷ್ಟೇ ಬೇಲಿಯಾಚೆ ನಿಂತು “ಬರ್ಲೇನವ್ವ?” ಎಂದು ಕೇಳಿ ಒಳಗೆ ಬಂದವರು ಚೀಲವನ್ನು ಗೋಡೆಗೆ ಒರಗಿಸಿ, ಸೆರಗು ಸಿಕ್ಕಿಸಿಕೊಂಡು, ಎದುರಿಗಿದ್ದ ಪರಾತ ಎಳೆದುಕೊಂಡು ತಿಕ್ಕಲು ಕೂತೇಬಿಟ್ಟಿದ್ದಾರೆ.

“ಭಾಂಡಿ ಯಾತರ್ಲೆ ತಿಕ್ಕತೀಯವ್ವ?” ಎಂದು ಕೇಳುತ್ತಾರೆ ರಮಜಾನಬಿ.

“ಕೈಲೆ,” ಎನ್ನುತ್ತಾಳೆ ಮಾರೆಮ್ಮ, ತಲೆ ಎತ್ತದೆ.

ಇಬ್ಬರೂ ನಗುತ್ತಾರೆ. ಕಂಪನಿಯ ಹಾಳೆಯಲ್ಲಿ ಈ ಪ್ರಶ್ನೆಯ ಮುಂದೆ ಬಾರ್ ಸಾಬೂನು, ಪುಡಿ, ಬೂದಿ, ಮಣ್ಣು, ಇತರೆ ಎಂದು ಚೌಕಗಳಿವೆ. ಕೈಗೆ ಚೌಕವಿಲ್ಲ. ಆದರೆ ಈ ಸೀಮೆಯಲ್ಲಿ ಮೊದಲು ಬರುವ ಉತ್ತರ ಅದೇ. ನಕ್ಕು ಮುಗಿದ ಮೇಲೆ ಮಾರೆಮ್ಮ ಸರಿಯಾಗಿ ಹೇಳುತ್ತಾಳೆ: ರೈಸ್‌ಮಿಲ್ಲಿನ ಹೊಟ್ಟಿನ ಬೂದಿ. ಹಬ್ಬ ಬಂದರೆ ಹಿತ್ತಾಳೆಗೆ ಹುಣಸೆಹಣ್ಣು. ಸಾಬೂನು ಮೈಗೆ ಮಾತ್ರ, ಅದೂ ನೀರು ಕಾಯಿಸಿದ ದಿನ.

ಮಾತಿನ ನಡುವೆ ಮಾರೆಮ್ಮನ ಹಸಿರು ಬಳೆಗಳು ಗಂಗಾಳಕ್ಕೆ ತಗುಲಿ ಸದ್ದು ಮಾಡುತ್ತವೆ. ರಮಜಾನಬಿಯ ಕೈ ಸದ್ದು ಮಾಡುವುದಿಲ್ಲ. ಗಂಡ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ, ಕೈ ಬರಿದು. ಮಾರೆಮ್ಮ ಒಮ್ಮೆ ಆ ಕೈ ನೋಡುತ್ತಾಳೆ, ನೋಡಿದ್ದು ಗೊತ್ತಾಗದಿರಲೆಂದು ಬೂದಿಯತ್ತ ಬಾಗುತ್ತಾಳೆ.

ಮುಂಬಯಿಯಲ್ಲಿ ಸಾಬೂನು, ಪುಡಿ, ನೆಲ ತೊಳೆಯುವ ನೀರು ತಯಾರಿಸುವ ಕಂಪನಿಗಳಿವೆ. ಅವರ ಮಾಲು ಕೊಳ್ಳುವ ಹೆಂಗಸರು ಏನನ್ನು ಯಾತರಿಂದ ತೊಳೆಯುತ್ತಾರೆ, ಯಾಕೆ ತೊಳೆಯುತ್ತಾರೆ, ತೊಳೆದು ಸಮಾಧಾನವಾಯಿತೇ ಎಂದು ಅವರಿಗೆ ತಿಳಿಯಬೇಕು. ಅದನ್ನು ಮನೆಮನೆಗೆ ಹೋಗಿ ಕೇಳಿ ಬರೆದು ತರಲು ಒಬ್ಬರು ಬೇಕು. ಸಿಂಧನೂರು, ಮಸ್ಕಿ, ಲಿಂಗಸುಗೂರು ಸುತ್ತಿನಲ್ಲಿ ಆ ಒಬ್ಬರು ಈ ನಲವತ್ತರ ಆಸುಪಾಸಿನ ರಮಜಾನಬಿ. ನಾವು ಟಿ.ವಿ.ಯಲ್ಲಿ ಬಿಳಿ ಅಂಗಿಯ ಜಾಹೀರಾತು ನೋಡಿ ಚಾನಲ್ಲು ತಿರುಗಿಸುತ್ತೇವಲ್ಲ, ಆ ಅಂಗಿಯ ಹಿಂದೆ ಇಂಥವರ ಬೆನ್ನುನೋವಿದೆ ಎಂದು ನನಗಂತೂ ಈ ಶ್ರಾವಣದವರೆಗೆ ಗೊತ್ತಿರಲಿಲ್ಲ.

ಹಾಲಿನ ಟೆಂಪೊದಲ್ಲಿ ಊರಿಗೆ ಬರುವಾಗಲೇ ಅವರು, ಅವರ ಬಗ್ಗೆ ಬರೆಯಲೆಂದು ಜೊತೆಗೆ ಹೊರಟಿದ್ದ ನನ್ನ ಕಿವಿಯಲ್ಲಿ ಹೇಳಿದ್ದರು: “ಇವತ್ತು ಹೋಗೋ ಓಣ್ಯಾಗ ಒಂದ್ ಮನಿ ಐತ್ರಿ. ಪಾಳಿ ಬಂದ್ರ ಆ ಮನಿಯಾಕಿ ನನಗ ಅಂಗಳದಾಗ ಕುಂದ್ರಾಕ ಬಿಟ್ರ ಸಾಕು. ಉತ್ತರ ಕೊಡ್ಲಿ ಬಿಡ್ಲಿ.”

ಆ ಮನೆಯ ಕಥೆಗೆ ಬರುತ್ತೇನೆ. ಅದಕ್ಕೆ ಮೊದಲು ಇವರು ಈ ಕೆಲಸಕ್ಕೆ ಹೇಗೆ ಬಂದರೆಂದು ಹೇಳಬೇಕು.

ರಮಜಾನಬಿ ಹುಟ್ಟಿದ್ದು ಲಿಂಗಸುಗೂರಿನಲ್ಲಿ. ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದರು. ಮದುವೆಯಾಗಿ ಸಿಂಧನೂರಿಗೆ ಬಂದರು. ಗಂಡ ಮಕ್ತುಮ್‌ಸಾಬ್ ಬಸ್‌ಸ್ಟ್ಯಾಂಡಿನ ಹತ್ತಿರ ಸ್ಟೋವ್ ರಿಪೇರಿ ಮಾಡುತ್ತಿದ್ದರು. ಎಂಬತ್ತಾರರಲ್ಲಿ ಒಂದು ದಿನ ಇವರ ಮೊಹಲ್ಲಾಕ್ಕೆ ಒಂದು ಜೀಪು ಬಂತು. ಪ್ಯಾಂಟು ಹಾಕಿದ ಗಂಡಸರು ಇಳಿದು ಬಾಗಿಲು ಬಡಿದರು. ಒಂದು ಬಾಗಿಲೂ ತೆರೆಯಲಿಲ್ಲ. ತೆರೆಯುವುದಾದರೂ ಹೇಗೆ? ಪರಗಂಡಸು ಹಗಲು ಹೊತ್ತು ಬಂದು “ನಿಮ್ಮ ಒಳ ಉಡುಪುಗಳನ್ನು ಯಾವ ಸಾಬೂನಿನಿಂದ ಒಗೆಯುತ್ತೀರಿ?” ಎಂದು ಕೇಳಿದರೆ ಯಾವ ಮನೆಯವರು ಚಹಾ ಕೊಟ್ಟು ಕೂರಿಸುತ್ತಾರೆ? ಕೊನೆಗೆ ಆ ಜೀಪಿನ ಮುಖ್ಯಸ್ಥ ಗೋಪಣ್ಣ ಮಕ್ತುಮ್‌ಸಾಬರ ಅಂಗಡಿಯ ಮುಂದೆ ನಿಂತು ಬೆವರು ಒರೆಸಿಕೊಳ್ಳುತ್ತ ಗೋಳು ಹೇಳಿಕೊಂಡರು. ಮಕ್ತುಮ್‌ಸಾಬರು “ನಮ್ಮಾಕಿನ್ನ ಕರಕೊಂಡ್ ಹೋಗ್ರಿ, ಆಕೀಗೆ ಬಾಯಿ ಐತಿ” ಎಂದರು.

“ಹೆಂಡ್ತಿ ಬಾಯಿ ಬಗ್ಗೆ ಅವ್ರು ಒಳ್ಳೇದು ಹೇಳಿದ್ದು ಅದೊಂದೇ ಸಲ ನೋಡ್ರಿ,” ಎಂದು ರಮಜಾನಬಿ ನಗುತ್ತಾರೆ.

ಆ ದಿನ ಹೋದವರು ಹನ್ನೆರಡು ವರ್ಷವಾದರೂ ಇಂದಿಗೂ ಹೋಗುತ್ತಿದ್ದಾರೆ. ಮನೆಯಲ್ಲಿ ಅವರದು ದಖನಿ, ಓಣಿಯಲ್ಲಿ ಕನ್ನಡ. ಕಾಲುವೆಯ ಬದಿಗೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳಿವೆಯಲ್ಲ, ಅಲ್ಲಿಗೆ ಬೇಕಾಗುವಷ್ಟು ತೆಲುಗು. ಒಂದೇ ವಸ್ತುವನ್ನು ಒಂದು ಓಣಿಯಲ್ಲಿ ಸಾಬಾನು ಎನ್ನುತ್ತಾರೆ, ಕ್ಯಾಂಪಿನಲ್ಲಿ ಸಬ್ಬು, ಇವರ ಮೊಹಲ್ಲಾದಲ್ಲಿ ಸಾಬನ್. ಮೂರೂ ನಾಲಿಗೆಯ ತುದಿಯಲ್ಲಿರಬೇಕು. ಸರ್ವೇ ಎಂಬ ಮಾತನ್ನು ಮಾತ್ರ ಅವರು ಬಾಯಿಂದ ಹೊರಡಿಸುವುದಿಲ್ಲ. ಹೊಸದರಲ್ಲಿ ವಳಕಮದಿನ್ನಿಯಲ್ಲಿ “ಸರ್ವೇ ಮಾಡಾಕ ಬಂದೀನಿ” ಎಂದುಬಿಟ್ಟಿದ್ದರು. ಬಸ್ಸಪ್ಪ ಎಂಬ ರೈತರು ಹೊಲದ ಕಾಗದ ಹಿಡಿದು ಓಡಿ ಬಂದರು, ಅವರ ಹಿಂದೆ ಬದುವಿನ ಜಗಳದ ಎದುರಾಳಿಯೂ ಬಂದರು. ಸಾಬೂನಿನ ಮಾತು ಹೇಳಿ ಮುಗಿಸುವಷ್ಟರಲ್ಲಿ ಅರ್ಧ ಊರು ನೆರೆದಿತ್ತು. ಅಂದಿನಿಂದ ಅವರು “ಸಾಬಾನು ಕೇಳಾಕ ಬಂದಾಕಿ” ಎಂದೇ ಹೇಳಿಕೊಳ್ಳುತ್ತಾರೆ. ಜನರೂ ಸಾಬಾನು ಬೂಬಮ್ಮ ಎಂದೇ ಕರೆಯುತ್ತಾರೆ.

ಬೆಳಗಾಗುವ ಮೊದಲೇ ಯಾಕೆ ಬರಬೇಕು? ಈಗ ಕಾಲುವೆಗೆ ನೀರು ಬಿಟ್ಟಿದ್ದಾರೆ, ನಾಟಿ ನಡೆದಿದೆ. ಬಿಸಿಲು ಏರುವ ಮೊದಲೇ ಹೆಂಗಸರೆಲ್ಲ ಗದ್ದೆಗೆ ಇಳಿದಿರುತ್ತಾರೆ. ಆಮೇಲೆ ಊರಿಗೆ ಬಂದರೆ ಸಿಗುವವರು ಕಟ್ಟೆಯ ಮೇಲಿನ ಗಂಡಸರು. “ಗಂಡಸ್ರು ಎಲ್ಲಾದ್ಕೂ ಉತ್ತರ ಕೊಡ್ತಾರ್ರೀ. ಮನ್ಯಾಗ ಸಾಬಾನು ಎಲ್ಲೈತಿ ಅಂದ್ರ ಮಾತ್ರ ಹೆಂಡ್ತಿನ್ನ ಕೂಗ್ತಾರ,” ಎನ್ನುತ್ತಾರೆ. ಲಿಂಗಸುಗೂರಿನ ಕ್ವಾರ್ಟರ್ಸುಗಳಲ್ಲಿ ತೊಂದರೆ ಬೇರೆ. ಅಲ್ಲಿ ಬಾಗಿಲು ಬೇಗ ತೆರೆಯುತ್ತದೆ, ಕುರ್ಚಿ ಬರುತ್ತದೆ, ಬಿಸ್ಕತ್ತೂ ಬರುತ್ತದೆ. ಬೂದಿ ಡಬ್ಬಿ ಮಾತ್ರ ಮಂಚದ ಕೆಳಗೆ ಸೇರುತ್ತದೆ. ಅಲ್ಲಿ ಇವರು ಹೇಳಿದ್ದನ್ನು ಹೇಳಿದಂತೆ ಬರೆದುಕೊಂಡು ಎದ್ದು ಬರುತ್ತಾರೆ. ಇನ್ನು ಹೊರಗೆ ಹೋದ ದಿನ ಮಧ್ಯಾಹ್ನದವರೆಗೆ ನೀರು ಕುಡಿಯುವುದಿಲ್ಲ. ಹೆಂಗಸರಿಗೆ ಶೌಚಕ್ಕೆ ಮರೆಯ ಜಾಗವಿಲ್ಲದ ಊರುಗಳಲ್ಲಿ ಹಗಲಿಡೀ ತಿರುಗಬೇಕಾದವರ ಪಾಡು ಅದು. ಇದನ್ನು ಅವರು ನಗುತ್ತಲೇ ಹೇಳಿದರು. ನನಗೆ ಮಾತ್ರ ನಗು ಬರಲಿಲ್ಲ, ಸಿಟ್ಟು ಬಂತು.

ಜೊತೆಗೆ ಕೂತು ಪಾತ್ರೆ ತಿಕ್ಕುವುದು ಅವರೇ ಕಂಡುಕೊಂಡ ದಾರಿ. ಕಂಪನಿಯವರು ಕಲಿಸಿದ್ದು ನಿಂತು, ಹಾಳೆ ಹಿಡಿದು, ಪೆನ್ನು ತೆರೆದು ಕೇಳುವುದನ್ನು. “ಪೆನ್ ಕಂಡ್ ಕೂಡ್ಲೇ ಹೆಂಗಸ್ರು ರೇಷನ್ ಕಾರ್ಡ್ ಹುಡಕ್ತಾರ್ರೀ. ಕೈ ಕೆಲ್ಸದಾಗ ಇರಬೇಕು. ಕೈ ಕೆಲ್ಸದಾಗಿದ್ರ ಬಾಯಿ ಸುಳ್ಳು ಹೇಳಂಗಿಲ್ಲ.” ಹಾಗಾಗಿ ಪ್ರಶ್ನೆಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು, ತಿಕ್ಕುತ್ತ ಕೇಳಿ, ಕೈ ತೊಳೆದುಕೊಂಡ ಮೇಲೆ ಬರೆದುಕೊಳ್ಳುತ್ತಾರೆ. ಎಲ್ಲ ಮನೆಗಳಲ್ಲೂ ಇವರಿಗೆ ಪಾತ್ರೆ ಮುಟ್ಟಗೊಡುವುದಿಲ್ಲ. ಯಾಕೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಅಂಥ ಕಡೆ ದೂರ ಕೂತು, ತೆಂಗಿನ ನಾರು ಹಿಂಜಿ ಕೊಡುತ್ತಾರೆ. ಅವಮಾನ ಆಗುವುದಿಲ್ಲವೇ ಎಂದರೆ, “ಅವ್ರ ಭಾಂಡಿ, ಅವ್ರ ಖುಷಿ,” ಎಂದು ಮಾತು ತೇಲಿಸುತ್ತಾರೆ. ಆದರೆ ಯಾರಾದರೂ ತಾವಾಗಿ ಒಂದು ಪಾತ್ರೆ ಇವರ ಕಡೆ ನೂಕಿದರೆ ಮುಖ ಅರಳುವುದನ್ನು ನಾನು ಎರಡು ದಿನ ನೋಡಿದ್ದೇನೆ.

ಈಗ ಆ ಮನೆಯ ಕಥೆ.

ಐದಾರು ವರ್ಷದ ಹಿಂದೆ ನೆಲ ತೊಳೆಯುವ ನೀರಿನ ಬಾಟಲಿಯೊಂದು ಹೊಸದಾಗಿ ಬರುವುದರಲ್ಲಿತ್ತು. ಅದಕ್ಕಾಗಿ ಬಂದ ಹಾಳೆಯಲ್ಲಿ ಒಂದು ಪ್ರಶ್ನೆಯಿತ್ತು: ಕಳೆದ ಒಂದು ವಾರದಲ್ಲಿ ನಿಮ್ಮ ಮನೆಯನ್ನು ಎಷ್ಟು ಸಲ ತೊಳೆದಿರಿ? ಓದುಗರಲ್ಲಿ ಬೆಂಗಳೂರಿನವರಿದ್ದರೆ ಇದರಲ್ಲೇನು ತಪ್ಪು ಎನ್ನಬಹುದು. ರಮಜಾನಬಿಗೂ ತಪ್ಪು ಕಾಣಲಿಲ್ಲ. ಸಿಂಧನೂರಿನ ಅವರ ಮನೆಗೆ ಪರಸಿ ಕಲ್ಲು ಹಾಸಿದೆ. ಗುರುವಾರ ಬಂತೆಂದರೆ ಕೊಡಗಟ್ಟಲೆ ನೀರು ಸುರಿದು, ಪೊರಕೆ ಹಿಡಿದು ತಿಕ್ಕುತ್ತಾರೆ. ಶುಕ್ರವಾರಕ್ಕೆ ಮನೆ ಪಾಕ್ ಆಗಿರಬೇಕು. ದಖನಿಯಲ್ಲಿ ಅದಕ್ಕೆ ಘರ್ ಧೋನಾ ಎಂದು ಹೆಸರು, ಸಣ್ಣಂದಿನಿಂದ ಕೇಳಿದ ಮಾತು. ಅದನ್ನೇ ಕನ್ನಡಕ್ಕೆ ತಿರುಗಿಸಿದರೆ ಮನೆ ತೊಳೆಯುವುದು. ಹಾಳೆಯಲ್ಲಿ ಅಚ್ಚಾಗಿದ್ದದ್ದೂ ಅದೇ.

ಆದರೆ ಮುಕ್ಕುಂದದ ಹೊಳೆ ಓಣಿಯ ಮನೆಗಳಿಗೆ ಇರುವುದು ಮಣ್ಣಿನ ನೆಲ. ಅದನ್ನು ಯಾರೂ ತೊಳೆಯುವುದಿಲ್ಲ, ಸಗಣಿ ಹಾಕಿ ಸಾರಿಸುತ್ತಾರೆ. ಮನೆಯ ಒಳಗೆಲ್ಲ ನೀರು ಸುರಿಯುವುದು ಒಂದೇ ದಿನ, ಹೆಣ ಹೊಸ್ತಿಲು ದಾಟಿದ ದಿನ. ಆ ಓಣಿಯ ಹೆಂಗಸರು ಸತ್ತರು ಎಂಬ ಮಾತನ್ನೇ ಆಡುವುದಿಲ್ಲ. “ಅವ್ರ ಮನಿ ತೊಳದ್ರಂತ” ಎನ್ನುತ್ತಾರೆ, ಕೇಳಿದವರು ಕೆಲಸ ಬಿಟ್ಟು ಎದ್ದು ನಿಲ್ಲುತ್ತಾರೆ.

ಅಂದು ರಮಜಾನಬಿ ಕೂತದ್ದು ಆದಮ್ಮ ಎಂಬಾಕೆಯ ಅಂಗಳದಲ್ಲಿ. ಒಳಗೆ ಮಂಚದ ಮೇಲೆ ಆದಮ್ಮನ ಮಾವ ಪಕೀರಪ್ಪ ದಮ್ಮು ಹತ್ತಿ ಮಲಗಿದ್ದರು. ಪಾತ್ರೆ, ಬಟ್ಟೆಗಳ ಪ್ರಶ್ನೆ ಮುಗಿದವು, ಮಾತು ನಗೆಯಲ್ಲಿ ಸಾಗಿತ್ತು. ಹೊಸ ಹಾಳೆ ಇನ್ನೂ ಬಾಯಿಗೆ ಬಂದಿರಲಿಲ್ಲವಾದ್ದರಿಂದ ಇವರು ಕೈ ಒರೆಸಿಕೊಂಡು ಹಾಳೆ ತೆಗೆದು ಓದಿದರು. ಒಂದಕ್ಷರ ಹೆಚ್ಚುಕಮ್ಮಿ ಮಾಡಬಾರದೆಂದು ಗೋಪಣ್ಣ ತಾಕೀತು ಮಾಡಿದ್ದರು. ಗಟ್ಟಿ ದನಿಯಲ್ಲಿ, ಶಾಲೆಯಲ್ಲಿ ಓದಿದ ಹಾಗೆ ಓದಿದರು: ಕಳೆದ ಒಂದು ವಾರದಲ್ಲಿ ನಿಮ್ಮ ಮನೆಯನ್ನು ಎಷ್ಟು ಸಲ ತೊಳೆದಿರಿ?

“ಆಕಿ ಕೈ ನಿಂತ್ ಬಿಡ್ತ್ರೀ,” ಎಂದು ರಮಜಾನಬಿ ನೆನೆಯುತ್ತಾರೆ. “ಒಳಗಿಂದ ಮುದುಕಪ್ಪನ ಕೆಮ್ಮು ಕೇಳಾಕತ್ತಿತ್ತು. ಆಕಿ ನನ್ನ ಮುಂದಿನ ಗಡಿಗಿ ಕಸಗೊಂಡ್ಲು. ಬೈಲಿಲ್ಲ. ‘ಏಳು’ ಅಂದ್ಲು, ಅಷ್ಟ. ನನಗ ಏನ್ ತಪ್ಪಾತು ಅಂತ ತಿಳೀಲಿಲ್ಲ. ಬಸ್ಸಿನ್ಯಾಗ ಕುಂತ ಮ್ಯಾಲೂ ತಿಳೀಲಿಲ್ಲ.”

ಅದೇ ವಾರ ಪಕೀರಪ್ಪ ತೀರಿಕೊಂಡರು. ಮುಂದಿನ ಸಂತೆಗೆ ಸಿಂಧನೂರಿಗೆ ಬಂದ ಆದಮ್ಮ ಮಕ್ತುಮ್‌ಸಾಬರ ಅಂಗಡಿಯ ಮುಂದೆ ನಿಂತು, ಬಸ್ಸಿಗೆ ಕಾದಿದ್ದ ಜನರೆಲ್ಲ ಕೇಳುವ ಹಾಗೆ ಕೂಗಿ ಹೇಳಿದಳು: “ನಿನ್ನ ಹೆಂಡ್ತಿ ಬಾಯಿಲೆ ಅಂದು ನಮ್ಮನಿ ತೊಳಸಿದ್ಲು!” ಮಕ್ತುಮ್‌ಸಾಬ್ ಕೈ ಮುಗಿದು ನಿಂತರು. ಮನೆಗೆ ಬಂದು ನಡೆದದ್ದನ್ನು ಹೆಂಡತಿಗೆ ಹೇಳಿದರು, ರೊಟ್ಟಿ ಮಾತ್ರ ತಿನ್ನಲಿಲ್ಲ. ಹೊಳೆ ಓಣಿಯಲ್ಲಿ ರಮಜಾನಬಿಗೆ ಮನೆ ತೊಳೆಸೋ ಬೂಬಮ್ಮ ಎಂಬ ಹೆಸರು ಬಿತ್ತು.

ಗೋಪಣ್ಣನಿಗೆ ಹೇಳಿದಾಗ ಅವರು ತಲೆ ಚಚ್ಚಿಕೊಂಡರು. ಒಳ್ಳೆಯ ಮನುಷ್ಯ, ಮುಂಬಯಿಗೆ ಬರೆದೂ ಬರೆದರು. ದೇಶಕ್ಕೆಲ್ಲ ಒಂದೇ ಪ್ರಶ್ನೆ ಇರಬೇಕು, ಒಂದು ಓಣಿಗಾಗಿ ಬದಲಿಸಲಾಗದು ಎಂದು ಉತ್ತರ ಬಂತು. ಅಂದಿನಿಂದ ರಮಜಾನಬಿ “ನೆಲ ಹ್ಯಾಂಗ ಹಸನ ಮಾಡ್ತೀರಿ?” ಎಂದು ಕೇಳುತ್ತಾರೆ, ಗೋಪಣ್ಣ ಕೇಳಿಸದವರಂತೆ ಇರುತ್ತಾರೆ. ಮುಕ್ಕುಂದದ ಹೆಸರು ಬಂದಾಗಲೆಲ್ಲ ಬೇರೊಬ್ಬರನ್ನು ಕಳಿಸುತ್ತಿದ್ದರು. ಈ ವರ್ಷ ಆ ಬೇರೊಬ್ಬರು ಕೆಲಸ ಬಿಟ್ಟಿದ್ದಾರೆ.

“ಇನ್ಯಾವುದಾರ ಊರು ಕೊಡ್ರಿ ಅಂತ ಕೇಳಬಹುದಿತ್ತಲ್ಲ?” ಎಂದೆ.

“ಕೇಳಬಹುದಿತ್ತು. ಮೊದ್ಲಾಗಿದ್ರ ಕೇಳ್ತಿದ್ದೆ,” ಎಂದರು. “ಹೋದ ಸಂಕ್ರಾಂತಿ ಮುಂದ ನಮ್ಮವ್ರು ಹೋದ್ರು. ಕಾಮಣಿ ಆಗಿತ್ತು, ಕಣ್ಣೆಲ್ಲಾ ಹಳದಿ. ಮಯ್ಯತ್ ಎತ್ತಿದ ಮ್ಯಾಲ ಬಾಜೂಮನಿ ಚಾಂದ್‌ಬೀ ಬಂದು ಕೊಡಾ ಕೊಡಾ ನೀರ್ ಹಾಕಿ ಪರಸಿ ತೊಳದ್ಲು. ನಾ ಮೂಲ್ಯಾಗ ಕುಂತಿದ್ದೆ. ನೀರು ನನ್ನ ಕಾಲ ತೋಯಿಸಿ ಹೊಸ್ತಲಾ ದಾಟಿ ಹೋತು. ದಿನಾ ಅವ್ರು ಕುಂದ್ರೋ ಜಾಗ ಅದು, ಅವ್ರ ಸ್ಟೋವಿನ ಎಣ್ಣಿ ಕಲಿ ಆ ಪರಸಿ ಮ್ಯಾಲಿತ್ತು. ಅದೂ ಹೋತು. ಅವತ್ತ ತಿಳೀತ್ರೀ ನನಗ, ನಾ ಆದಮ್ಮಗ ಏನ್ ಕೇಳಿದ್ದೆ ಅಂತ. ಅಷ್ಟು ವರ್ಷ ಆಕಿ ಮ್ಯಾಲ ಒಳಗೊಳಗ ಸಿಟ್ಟಿತ್ತು ನನಗ. ಅವತ್ತ ಇಳೀತು.”

ನಾಲ್ಕು ತಿಂಗಳು ಹತ್ತು ದಿನ ಅವರ ರಿವಾಜಿನಂತೆ ಮನೆಯಲ್ಲೇ ಇದ್ದರು. ಮತ್ತೆ ಕೆಲಸಕ್ಕೆ ಬಂದಾಗ ಕಂಪನಿಯಿಂದ ಬಂದಿದ್ದ ಮಾತು ಒಂದೇ, ಹಾಳೆ ಯಾಕೆ ತಡವಾಯಿತು ಎಂದು. ಓಣಿಗಳಲ್ಲಿ ಹೆಂಗಸರು ಬರಿಗೈ ನೋಡುತ್ತಾರೆ, ಅಶುಭದ ಮಾತು ಯಾಕೆಂದು ಸುಮ್ಮನಾಗುತ್ತಾರೆ. “ಮೊದ್ಲೆಲ್ಲಾ ಗಂಡ ಏನ್ ಮಾಡ್ತಾನ, ಮಕ್ಳೆಷ್ಟು, ಎಲ್ಲಾ ಕೇಳ್ತಿದ್ರು. ಈಗ ಯಾರೂ ಕೇಳಂಗಿಲ್ಲ. ನೋಡ್ತಾರ, ಬಿಡ್ತಾರ. ನಾನೂ ಸಾಬಾನು ಕೇಳಿ ಬರ್ತೀನಿ.”

ಮಾರೆಮ್ಮನ ಮನೆಯಿಂದ ಹೊರಡುವಾಗ ಹೊತ್ತು ಹುಟ್ಟಿದೆ. ಯಾವ ಮನೆಗೆ ಹೋಗಬೇಕೆಂಬುದು ಇವರ ಇಷ್ಟವಲ್ಲ. ಬಲಗೈ ಕಡೆ ಹಿಡಿದು ನಡೆಯಬೇಕು, ಎರಡು ಮನೆ ಬಿಟ್ಟು ಮೂರನೆಯದಕ್ಕೆ ಹೋಗಬೇಕು. ಪರಿಚಯದವರ ಮನೆಗಳನ್ನೇ ಸುತ್ತಿ ಬರಬಾರದೆಂದು ಕಂಪನಿ ಮಾಡಿದ ಕಟ್ಟಳೆ. ಹೀಗೆ ನಡೆಯುತ್ತ ಶೇಖಮ್ಮ ಎಂಬ ಮುದುಕಿಯ ಮನೆ ಮುಗಿಯುತ್ತದೆ. ಮುದುಕಿ ನನ್ನನ್ನು ದೊಡ್ಡ ಮೇಡಂ ಎಂದು ತಿಳಿದು ತನ್ನ ಪಿಂಚಣಿ ನಿಂತ ಕಥೆಯನ್ನೆಲ್ಲ ಹೇಳುತ್ತಾಳೆ. ಅಲ್ಲಿಂದ ಹೊರಬಿದ್ದ ರಮಜಾನಬಿ ಓಣಿಯ ಉದ್ದಕ್ಕೆ ಕಣ್ಣು ಹಾಯಿಸಿ ನಿಂತುಬಿಡುತ್ತಾರೆ. ಒಂದು ಬಾಗಿಲು, ಮತ್ತೊಂದು ಬಾಗಿಲು, ಅದರಾಚೆ ಬೇವಿನ ಗಿಡ. ಬೇವಿನ ಗಿಡದ ಮನೆ ಆದಮ್ಮನದು.

ಬಿಟ್ಟು ಮುಂದೆ ಹೋಗೋಣ, ಮನೆಗೆ ಬೀಗ ಹಾಕಿತ್ತೆಂದು ಬರೆದರಾಯಿತು, ಯಾರು ಬಂದು ನೋಡುತ್ತಾರೆ ಎನ್ನುತ್ತೇನೆ. ಗಿಡದ ನೆರಳಿನಲ್ಲಿ ಕೂತು ಇಡೀ ಊರಿನ ಹಾಳೆ ತುಂಬಿಸಿ ಕಳಿಸುವ ಶೂರರೂ ಈ ಕೆಲಸದಲ್ಲಿ ಇದ್ದಾರಂತೆ. ರಮಜಾನಬಿ ತಲೆ ಅಲ್ಲಾಡಿಸುತ್ತಾರೆ.

“ಇವತ್ತು ದಾಟಿ ಹೋದ್ರ ಆ ಮನಿ ನನ್ನ ಪಾಲಿಗಿ ಮುಗದಂಗ. ಬೈದ್ರ ಬೈಲಿ. ಬೈಸ್ಕೊಳ್ಳಾಕ ಬಂದೀನಿ ಅಂತ ತಿಳ್ಕೊಳ್ರಿ.”

ಆದಮ್ಮ ಬೇವಿನ ಗಿಡದ ಕೆಳಗಿನ ಕಲ್ಲಿನ ಮುಂದೆ ಕೂತಿದ್ದಾಳೆ. ಗಟ್ಟಿಮುಟ್ಟಾದ ಹೆಂಗಸು, ಹಣೆ ತುಂಬ ಕುಂಕುಮ. ಸೌದೆ ಒಲೆಯ ಮಸಿ ಹಿಡಿದ ಗಡಿಗೆಯೊಂದನ್ನು ಮೊಣಕಾಲ ನಡುವೆ ಇಟ್ಟುಕೊಂಡು ತಿಕ್ಕುತ್ತಿದ್ದಾಳೆ. ಗಂಡ ಗಾಳೆಪ್ಪ ಹೆಗಲ ಮೇಲೆ ಸಲಿಕೆ ಹೊತ್ತು ಗದ್ದೆಗೆ ಹೊರಟವನು ನಮ್ಮನ್ನು ನೋಡಿ ನಿಲ್ಲುತ್ತಾನೆ, ಹೆಂಡತಿಯ ಮುಖ ನೋಡುತ್ತಾನೆ, ಹೋಗಿಬಿಡುತ್ತಾನೆ.

ರಮಜಾನಬಿ ಬೇಲಿಯಾಚೆಯೇ ನಿಲ್ಲುತ್ತಾರೆ. ಎಲ್ಲ ಮನೆಗಳಲ್ಲೂ ಕೇಳುವ “ಬರ್ಲೇನವ್ವ?” ಇಲ್ಲಿ ಬಾಯಿಗೆ ಬರುವುದಿಲ್ಲ. ಚೀಲದಿಂದ ಹಾಳೆ ತೆಗೆಯುವುದೂ ಇಲ್ಲ.

“ಮುಸುರಿ ಇನ್ನೂ ಐತೇನ ಆದಮ್ಮ?” ಎನ್ನುತ್ತಾರೆ ಕೊನೆಗೆ.

ಆದಮ್ಮ ತಲೆ ಎತ್ತುವುದಿಲ್ಲ. ತಿಕ್ಕುವುದನ್ನು ನಿಲ್ಲಿಸುವುದೂ ಇಲ್ಲ. ಮೂಲೆಯ ಎಮ್ಮೆಯೊಂದು ನಮ್ಮನ್ನೇ ನೋಡುತ್ತಿದೆ. ನನಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸುತ್ತದೆ. ರಮಜಾನಬಿ ಮೆಲ್ಲಗೆ ಬೇಲಿಯ ಸಂದಿಯಲ್ಲೇ, ಒಳಗೂ ಅಲ್ಲದ ಹೊರಗೂ ಅಲ್ಲದ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂರುತ್ತಾರೆ. ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಳ್ಳುತ್ತಾರೆ.

ಆದಮ್ಮ ಗಡಿಗೆ ತಿರುಗಿಸಲು ತಲೆ ಎತ್ತುತ್ತಾಳೆ. ಆ ಕೈಗಳ ಮೇಲೆ ಅವಳ ಕಣ್ಣು ಬೀಳುತ್ತದೆ. ಬೇರೆ ಹೆಂಗಸರ ಹಾಗೆ ಅವಳು ಕಣ್ಣು ತಿರುಗಿಸುವುದಿಲ್ಲ, ನೋಡುತ್ತಲೇ ಇರುತ್ತಾಳೆ. ಕೈಯಲ್ಲಿನ ನಾರು ಕೆಳಗಿಡುತ್ತಾಳೆ.

“ಯಾವಾಗ ತೊಳದಿ ಬೇ ಮನಿ?” ಎಂದು ಕೇಳುತ್ತಾಳೆ.

ರಮಜಾನಬಿ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಳ್ಳುತ್ತಾರೆ. “ಹೋದ ಸಂಕ್ರಾಂತಿ ಮುಂದ,” ಎನ್ನುತ್ತಾರೆ.

“ಸ್ಟೋವಿನಾವನ?”

“ಹೂಂನವ್ವ.”

“ಏನಾಗಿತ್ತು?”

“ಕಾಮಣಿ. ಸಿಂಧನೂರಾಗ ತೋರಿಸಿದ್ವಿ, ರಾಯಚೂರಿಗಿ ಒಯ್ದ್ವಿ. ಉಳೀಲಿಲ್ಲ.”

“ನಾ ಅಷ್ಟು ಮಂದ್ಯಾಗ ಬೈದ್ರೂ ಕೈ ಮುಗದಿದ್ದ,” ಎನ್ನುತ್ತಾಳೆ ಆದಮ್ಮ. “ಮಕ್ಳು?”

“ಒಬ್ಬಾಕಿ ಮಗಳು, ಗುಲ್ಷನ್‌ಬೀ. ಮಸ್ಕಿಗಿ ಕೊಟ್ಟೀನಿ. ಈಗ ನಾ ಒಬ್ಬಾಕೀನ.”

ಆದಮ್ಮ ತಂಬಿಗೆಯ ನೀರಿನಿಂದ ಕೈ ತೊಳೆದುಕೊಳ್ಳುತ್ತಾಳೆ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾಳೆ. ಬೆವರು ಒರೆಸಿಕೊಂಡಳೋ ಕಣ್ಣು ಒರೆಸಿಕೊಂಡಳೋ ನನಗೆ ಗೊತ್ತಾಗಲಿಲ್ಲ, ನನ್ನ ಕಣ್ಣೇ ಸರಿಯಾಗಿ ಕಾಣುತ್ತಿರಲಿಲ್ಲ. ಆಮೇಲೆ ಅವಳು ಮಸಿ ಗಡಿಗೆಯನ್ನು ಕಲ್ಲಿನ ಮೇಲಿಂದ ಆ ಕಡೆಗೆ ನೂಕುತ್ತಾಳೆ.

“ಅಲ್ಯಾಕ ಕುಂತಿ, ಒಳಗ ಬಾ. ನಮ್ಮ ಮಾವಗ ವಯಸ್ಸಾಗಿತ್ತು ಬಿಡು. ಮಸಿ ಭಾಳ ಐತಿ, ಒತ್ತಿ ತಿಕ್ಕು.”

ರಮಜಾನಬಿ ಒತ್ತಿ ತಿಕ್ಕುತ್ತಾರೆ. ಇಷ್ಟು ಮುತುವರ್ಜಿಯಿಂದ ಗಡಿಗೆ ತಿಕ್ಕಿದವರನ್ನು ನಾನು ನೋಡಿಲ್ಲ. ತಳದ ಮಸಿ ಬಿಡುತ್ತದೆ, ಅಂಚಿನ ಮಸಿ ಬಿಡುತ್ತದೆ, ಕಂಠದಲ್ಲಿ ವರ್ಷಗಳಿಂದ ಕೂತಿದ್ದ ಕಪ್ಪು ಗೆರೆಯೂ ಬಿಡುತ್ತದೆ. ನಡುವೆ ಸಾಬೂನಿನ ಮಾತು ಬರುತ್ತದೆ, ಬೂದಿಯ ಮಾತು ಬರುತ್ತದೆ. ನೆಲ ತೊಳೆಯುವ ನೀರಿನ ಬಾಟಲಿಯ ವಿಷಯ ಕೇಳಿ ಆದಮ್ಮ “ನೆಲಕ್ಕ ಅತ್ತರ ಹಾಕ್ತಾರೇನ ಮುಂಬೈಯಾಗ?” ಎಂದು ನಗುತ್ತಾಳೆ. ಸಾರಿಸುವ ಮಾತು ಅಲ್ಲಿಗೆ ಬಂದು ಹೋಗುತ್ತದೆ. ನಾವು ಏಳುವಾಗ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿ ಕೊಡುತ್ತಾಳೆ. “ಮತ್ತ ಬರಬೇಕಾದ್ರ ಸಾಬಾನು ಕೇಳಾಕ ಅಂತ ಬರಬ್ಯಾಡ,” ಎಂದು ಬೇಲಿಯವರೆಗೂ ಬಂದು ಹೇಳುತ್ತಾಳೆ.

ಬಸ್ಸಿಗೆ ಕಾಯುತ್ತ ಕಟ್ಟೆಯ ಮೇಲೆ ಕೂತಾಗ ರಮಜಾನಬಿ ಹಾಳೆ ತೆಗೆದು ಆದಮ್ಮನ ಉತ್ತರಗಳನ್ನು ತುಂಬುತ್ತಾರೆ. ಉಗುರಿನ ಸಂದಿಯಲ್ಲಿ ಇನ್ನೂ ಮಸಿ ಇದೆ. ಇಂಥ ಬರಹದ ಕೊನೆಗೆ ನಿಮ್ಮ ಆಸೆ ಏನು ಎಂದು ಕೇಳುವುದು ನಮ್ಮ ಪದ್ಧತಿ, ಕೇಳಿದೆ. ಮಗಳ ಮನೆಗೆ ಪರಸಿ ಹಾಕಿಸಬೇಕು ಎಂದರು. ಇನ್ನೂ ಕೆಲವು ವರ್ಷ ಕಾಲು ಗಟ್ಟಿ ಇರಲಿ ಎಂದರು. ಹೇಳುವಾಗ ಗಮನ ಹಾಳೆಯ ಮೇಲೆಯೇ ಇತ್ತು, ಒಂದು ಕಡೆ ಬಂದು ಪೆನ್ನು ನಿಂತಿತು. ಮನೆಯನ್ನು ಎಷ್ಟು ಸಲ ತೊಳೆದಿರಿ ಎಂಬ ಪ್ರಶ್ನೆಯ ಮುಂದಿನ ಜಾಗ ಖಾಲಿ ಇದೆ.

“ಅದೊಂದು ಉಳೀತಲ್ರೀ,” ಎಂದೆ.

ರಮಜಾನಬಿ ಪೆನ್ನಿನ ಮುಚ್ಚಳ ಹಾಕಿ, ಹಾಳೆಯನ್ನು ಮಡಚಿ ಚೀಲಕ್ಕೆ ಸೇರಿಸುತ್ತಾರೆ.

“ಅದನ್ನ ನಾ ಕೇಳಲಿಲ್ರೀ,” ಎನ್ನುತ್ತಾರೆ. “ಇವತ್ತು ಆಕಿ ನನಗ ಕೇಳಿದ್ಲು.”